ದಾರಿ ಹೇಳುವ ದನಿಗೂ ಬೇಕು ಕಟ್ಟಳೆ

ಬೆಂಗಳೂರಿನ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಇತ್ತೀಚಿನ ಚರಿತ್ರೆಯನ್ನು ನೋಡಿ. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ಚಾಚಿಕೊಂಡಿರುವ ಈ ಸೇತುವೆಯ 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳಲ್ಲಿ ದೋಷ ಕಂಡುಬಂದದ್ದರಿಂದ 2021ರ ಡಿಸೆಂಬರ್ 25ರಂದು ಅದನ್ನು ಎಲ್ಲ ವಾಹನಗಳಿಗೂ ಮುಚ್ಚಲಾಯಿತು. 2022ರ ಫೆಬ್ರುವರಿಯಲ್ಲಿ ಕಾರು, ಬೈಕಿನಂಥ ಲಘು ವಾಹನಗಳಿಗೆ ಮಾತ್ರ ತೆರೆಯಲಾಯಿತು. ಲಾರಿ, ಬಸ್ಸುಗಳು ಮತ್ತೆ ಮೇಲೇರಿದ್ದು 2024ರ ಜುಲೈ 29ರಂದು. ಅದಕ್ಕೂ ಒಂದು ಷರತ್ತಿತ್ತು: ನಿರ್ವಹಣೆಯ ಕೆಲಸಕ್ಕಾಗಿ ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಭಾರಿ ವಾಹನಗಳು ಸೇತುವೆ ಹತ್ತುವಂತಿಲ್ಲ. ಮೂರು ವರ್ಷ ತುಂಬುವುದರೊಳಗೆ ಒಂದೇ ರಸ್ತೆಗೆ ಇಷ್ಟು ಬಗೆಯ ನಿಯಮ. ಈ ನಿಯಮವೂ ವಾಹನದಿಂದ ವಾಹನಕ್ಕೆ, ದಿನದಿಂದ ದಿನಕ್ಕೆ ಬೇರೆ. ಮಹಾರಾಷ್ಟ್ರದಿಂದ ಸರಕು ಹೊತ್ತು ಗುರುವಾರ ರಾತ್ರಿ ಹೊರಟು ಶುಕ್ರವಾರ ಪೀಣ್ಯ ತಲುಪುವ ಲಾರಿಯ ಚಾಲಕನಿಗೆ ಇದನ್ನು ಹೇಳಬೇಕಾದವರು ಯಾರು? ಸೇತುವೆಯ ಬುಡದಲ್ಲಿ ನಿಂತ ಪೊಲೀಸರು ಮತ್ತು ಒಂದು ಫಲಕ ಎಂಬುದು ಹಳೆಯ ಉತ್ತರ. ಡ್ಯಾಶ್‌ಬೋರ್ಡಿನ ಮೇಲಿನ ಮೊಬೈಲ್ ಮಾತಾಡತೊಡಗಿದ ಮೇಲೆ ಆ ಉತ್ತರ ಸಾಲದಾಗಿದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೊರವಲಯದ ಮೂರು ದುಡಿಮೆಯ ಪಟ್ಟಿಗಳಲ್ಲಿ ಇಂದು ಕಾರು, ಕ್ಯಾಬು, ಟೆಂಪೊಗಳನ್ನು ನಡೆಸುತ್ತಿರುವುದು ಬಹುಮಟ್ಟಿಗೆ ಕಿವಿಗೆ ಬೀಳುವ ಸೂಚನೆ. ‘ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ’ ಎನ್ನುವ ದನಿ ರಸ್ತೆ ಬದಿಯ ಹಸಿರು ಫಲಕದ ಕೆಲಸವನ್ನು ವಹಿಸಿಕೊಂಡಿದೆ. ಆದರೆ ಫಲಕಕ್ಕೆ ಇರುವ ಹೊಣೆ ಈ ದನಿಗೆ ಇಲ್ಲ. ಫಲಕ ಎಷ್ಟು ದೊಡ್ಡದಿರಬೇಕು, ತಿರುವಿಗೆ ಎಷ್ಟು ಮುಂಚೆ ಕಾಣಬೇಕು, ಯಾವ ಬಣ್ಣದಲ್ಲಿ, ಯಾವ ಭಾಷೆಗಳಲ್ಲಿ ಇರಬೇಕು ಎಂಬುದನ್ನು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 67 ಎಂಬ ಸಂಹಿತೆ ವಿವರಿಸುತ್ತದೆ. ದಾರಿ ಹೇಳುವ ದನಿಗೆ ಅಂಥ ಸಂಹಿತೆಯಿಲ್ಲ. ಈ ಲೇಖನದ ವಾದ ಇಷ್ಟೇ: ದನಿಯನ್ನು ಕಾರಿನೊಳಗಿನ ಖಾಸಗಿ ಸೌಕರ್ಯವೆಂದು ಕಾಣುವುದನ್ನು ಬಿಟ್ಟು, ರಸ್ತೆಯ ಸಾರ್ವಜನಿಕ ಸೂಚನಾ ವ್ಯವಸ್ಥೆಯ ಅಂಗವೆಂದು ಒಪ್ಪಬೇಕು. ಒಪ್ಪಿದ ಮೇಲೆ ಅದಕ್ಕೆ ನಿಜವನ್ನು ಒದಗಿಸುವ ಹೊಣೆ ನಗರದ್ದು. ಆ ನಿಜವನ್ನು ಚಾಲಕನಿಗೆ ತಿಳಿಯುವಂತೆ ನುಡಿಯುವ ಹೊಣೆ ಕಂಪನಿಗಳದ್ದು.

ಕಾನೂನು ಒಪ್ಪಿಕೊಂಡ ಒಡನಾಡಿ

ಈ ಒಪ್ಪಿಗೆಯ ಅರ್ಧ ದಾರಿಯನ್ನು ಕಾನೂನು ಆಗಲೇ ನಡೆದಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಚಾಲನೆಯ ವೇಳೆ ಕೈಯಲ್ಲಿ ಹಿಡಿದು ಬಳಸುವ ಸಂವಹನ ಸಾಧನವನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಅದಕ್ಕೊಂದು ವಿನಾಯಿತಿ ಕೊಟ್ಟಿತು: ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದ ರೀತಿಯಲ್ಲಿ, ಸಾಧನವನ್ನು ಬಳಸಬಹುದು. ಅಂದರೆ ಪರದೆಯ ಬೇರೆಲ್ಲ ಬಳಕೆಗೂ ಇಲ್ಲವೆಂದ ಸರ್ಕಾರ ದಾರಿಯ ವಿಷಯಕ್ಕೆ ಮಾತ್ರ ಹೌದು ಎಂದಿದೆ. ಗಮನ ಕೆಡಬಾರದು ಎಂಬ ಷರತ್ತನ್ನು ಪಾಲಿಸಲು ನಿಜವಾದ ಉಪಾಯ ಒಂದೇ: ಕಣ್ಣು ರಸ್ತೆಯ ಮೇಲಿರಬೇಕು, ಕೈ ಸ್ಟೇರಿಂಗ್ ಮೇಲಿರಬೇಕು, ದಾರಿ ಕಿವಿಗೆ ಬರಬೇಕು. ಈ ಷರತ್ತನ್ನು ಚಾಲಕನ ಮೇಲೆ ಹೇರಿದ ನಿಯಮ, ಸೂಚನೆ ಕೊಡುವ ದನಿಯ ಮೇಲೆ ಮಾತ್ರ ಏನನ್ನೂ ಹೇರಲಿಲ್ಲ.

ದನಿ ಇದ್ದ ಮಾತ್ರಕ್ಕೆ ಗಮನ ಉಳಿಯುತ್ತದೆ ಎಂದೂ ತಿಳಿಯಬಾರದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ವಾಹನ ಸವಾರರ ಸಂಸ್ಥೆ ಎಎಎ ಪ್ರತಿಷ್ಠಾನಕ್ಕಾಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಕಾರಿನ ಯಂತ್ರದೊಂದಿಗೆ ಮಾತಾಡಿ ಮುಗಿಸಿದ ಮೇಲೂ ಮನಸ್ಸು ಪೂರ್ತಿಯಾಗಿ ರಸ್ತೆಗೆ ಮರಳಲು 27 ಸೆಕೆಂಡಿನವರೆಗೂ ಹಿಡಿಯಬಹುದು ಎಂದು ತೋರಿಸಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಅಷ್ಟರಲ್ಲಿ 300 ಮೀಟರ್ ದಾಟಿರುತ್ತದೆ. ಯಂತ್ರ ಒಂದೇ ಸಲಕ್ಕೆ ಅರ್ಥ ಮಾಡಿಕೊಳ್ಳದೆ ಮತ್ತೆ ಮತ್ತೆ ಕೇಳಿದರೆ, ಹೇಳಿದ ಊರನ್ನು ಬಿಟ್ಟು ಬೇರೆ ಊರಿಗೆ ದಾರಿ ಹಾಕಿದರೆ, ತಿರುವು ಬಂದ ಮೇಲೆ ತಿರುಗು ಎಂದರೆ ಆ ಹೊರೆ ಇನ್ನೂ ಹೆಚ್ಚು. ಹಾಗಾಗಿ ಸೂಚನೆಯ ಗುಣಮಟ್ಟವೆಂಬುದು ಅನುಕೂಲದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸುರಕ್ಷತೆಯ ಪ್ರಶ್ನೆಯಾಗುತ್ತದೆ. ಒಳ್ಳೆಯ ಸೂಚನೆಯೆಂದರೆ ಚಿಕ್ಕದು, ಹೊತ್ತಿಗೆ ಸರಿಯಾಗಿ ಬರುವಂಥದು, ಕೇಳಿದೊಡನೆ ಕಣ್ಣಿಗೆ ಕಾಣುವ ಜಾಗವೊಂದಕ್ಕೆ ಹೊಂದಿಕೊಳ್ಳುವಂಥದು.

ಮೇಲಿನ ದಾರಿಯೋ ಕೆಳಗಿನ ದಾರಿಯೋ

ಹೊಸೂರು ರಸ್ತೆ ಈ ದನಿಗೆ ಒಡ್ಡುವ ಪರೀಕ್ಷೆ ದೊಡ್ಡದು. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಎತ್ತರದ ರಸ್ತೆ ಬೊಮ್ಮನಹಳ್ಳಿಯಿಂದ ಸುಮಾರು 10 ಕಿಲೋಮೀಟರ್ ಸಾಗುತ್ತದೆ. ಒಮ್ಮೆ ಹತ್ತಿದರೆ ಕೂಡ್ಲು ಗೇಟ್, ಸಿಂಗಸಂದ್ರ, ಹೊಸ ರೋಡ್ ಎಲ್ಲವೂ ಕೆಳಗೇ ಉಳಿದುಹೋಗುತ್ತವೆ. ಟೋಲ್ ಕಟ್ಟಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು, ತಿರುಗಿ ಬರಬೇಕು. ಹತ್ತಬೇಕೋ ಬೇಡವೋ ಎಂಬುದನ್ನು ಬಸ್ಸು, ಲಾರಿ, ಬೈಕುಗಳ ನಡುವೆ ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕು. ಇಲ್ಲಿ ಉಪಗ್ರಹದ ಲೆಕ್ಕಕ್ಕೂ ಒಂದು ಮಿತಿಯಿದೆ. ತೆರೆದ ಆಕಾಶದಡಿ ಮೊಬೈಲು ತಾನಿರುವ ಜಾಗವನ್ನು ಕೆಲವು ಮೀಟರುಗಳ ತಪ್ಪಿನೊಳಗೆ ಗುರುತಿಸಬಲ್ಲದು, ಆದರೆ ಎತ್ತರದ ಲೆಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ಒಂದರ ನೆತ್ತಿಯ ಮೇಲೇ ಇನ್ನೊಂದು ರಸ್ತೆ ಇದ್ದಾಗ ಕಾರು ಯಾವುದರ ಮೇಲಿದೆ ಎಂಬುದು ಯಂತ್ರಕ್ಕೆ ಖಚಿತವಾಗುವುದಿಲ್ಲ. ಕಾಂಕ್ರೀಟ್ ಚಪ್ಪರದಡಿ ಉಪಗ್ರಹದ ಸಂಕೇತ ಕಂಬಕ್ಕೂ ಕಟ್ಟಡಕ್ಕೂ ಬಡಿದು ತಿರುಗಿ ಬರುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ.

ಹೊರವಲಯ ಬೆಳೆದಂತೆ ಇಂಥ ಅಂತಸ್ತುಗಳು ಹೆಚ್ಚುತ್ತಿವೆ. 2024ರ ಜುಲೈಯಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 3.3 ಕಿಲೋಮೀಟರಿನ ಡಬಲ್ ಡೆಕರ್ ಮೇಲ್ಸೇತುವೆ ತೆರೆಯಿತು: ನೆಲದ ಮೇಲೆ ಒಂದು ರಸ್ತೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮೆಟ್ರೊ. ಅದೇ ತಿಂಗಳು ಗೂಗಲ್ ಮ್ಯಾಪ್ಸ್ ದೇಶದ 40 ನಗರಗಳಲ್ಲಿ ‘ಫ್ಲೈಓವರ್ ಹತ್ತಿ’ ಎಂಬ ಸೂಚನೆಯನ್ನು ಸೇರಿಸುವುದಾಗಿ ಪ್ರಕಟಿಸಿತು. ಭಾರತದ ಮ್ಯಾಪ್‌ಮೈಇಂಡಿಯಾ ತನ್ನ ಮ್ಯಾಪಲ್ಸ್ ಆ್ಯಪಿನಲ್ಲಿ ದೊಡ್ಡ ಜಂಕ್ಷನ್ನುಗಳ ಮೂರು ಆಯಾಮದ ಚಿತ್ರವನ್ನು ತೋರಿಸುತ್ತದೆ. ಇವೆರಡೂ ಮೆಚ್ಚಬೇಕಾದ ಹೆಜ್ಜೆಗಳೇ. ಆದರೆ ಗೂಗಲ್‌ನ ಫ್ಲೈಓವರ್ ಸೂಚನೆ ಬಂದದ್ದು ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆ ತೆರೆದು ಹದಿನಾಲ್ಕು ವರ್ಷವಾದ ಮೇಲೆ. ಅದೇ ಸೇತುವೆಯ ಬುಡಕ್ಕೆ ಫಲಕ ನೆಡಲು ಯಾರಾದರೂ ಹದಿನಾಲ್ಕು ವರ್ಷ ತೆಗೆದುಕೊಂಡಿದ್ದರೆ ನಾವು ಸುಮ್ಮನಿರುತ್ತಿರಲಿಲ್ಲ.

ಟಿನ್ ಫ್ಯಾಕ್ಟರಿ ಎಂದರೆ ತಿಳಿಯುತ್ತದೆ

ಬೆಂಗಳೂರಿನ ಜನ ದಾರಿ ಹೇಳುವುದು ಗುರುತುಗಳ ಮೂಲಕ. ಟಿನ್ ಫ್ಯಾಕ್ಟರಿ, ಗ್ರಾಫೈಟ್ ಇಂಡಿಯಾ, ಹೋಪ್ ಫಾರ್ಮ್, ಕುಂದಲಹಳ್ಳಿ ಗೇಟ್, ವರ್ತೂರು ಕೋಡಿ, ಹುಸ್ಕೂರು ಗೇಟ್, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ ಎಂಬ ಹೆಸರುಗಳಲ್ಲಿ ಕಾರ್ಖಾನೆಗಳ, ಕೆರೆಗಳ, ಹಳ್ಳಿಗಳ ನೆನಪು ಸೇರಿದೆ. ಬಸ್ ಕಂಡಕ್ಟರ್ ಕೂಗುವುದು ಈ ಹೆಸರುಗಳನ್ನೇ. ಆಟೊದವರಿಗೆ ಹೇಳುವುದೂ ಇವನ್ನೇ. ಪೀಣ್ಯದ ಒಳಗೆ ಹಂತ, ಮುಖ್ಯರಸ್ತೆ, ಅಡ್ಡರಸ್ತೆ ಎಂದು ಸಂಖ್ಯೆಗಳಿವೆ. ಆದರೆ ಒಂದೇ ಸಂಖ್ಯೆಯ ಅಡ್ಡರಸ್ತೆ ಒಂದೊಂದು ಹಂತದಲ್ಲೂ ಇರಬಲ್ಲದು. ಅಲ್ಲಿ ‘ಎರಡನೇ ಅಡ್ಡರಸ್ತೆಗೆ ತಿರುಗಿ’ ಎಂಬ ಸೂಚನೆಗಿಂತ ‘ಪೆಟ್ರೋಲ್ ಬಂಕ್ ದಾಟಿದ ಕೂಡಲೇ ಬಲಕ್ಕೆ’ ಎಂಬುದು ಚಾಲಕನ ಕಣ್ಣಿಗೆ ಒಂದು ಆಧಾರ ಕೊಡುತ್ತದೆ. ಇದು ಕಂಪನಿಗಳಿಗೆ ತಿಳಿಯದ ವಿಷಯವೂ ಅಲ್ಲ. ಭಾರತೀಯರು ಬೀದಿಯ ಹೆಸರಿಗಿಂತ ಹೆಗ್ಗುರುತನ್ನು ನೆಚ್ಚುತ್ತಾರೆ ಎಂದು ಅರಿತು ಗೂಗಲ್ 2009ರ ಡಿಸೆಂಬರಿನಲ್ಲೇ ತನ್ನ ಭಾರತದ ನಕ್ಷೆಯ ದಾರಿ ಸೂಚನೆಗಳಿಗೆ ಹೆಗ್ಗುರುತುಗಳನ್ನು ಸೇರಿಸಿತ್ತು. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರಾಂಕಗಳ ಗುರುತು ಕೊಟ್ಟಿದೆ. ಪಾರ್ಸೆಲ್ ತಲುಪಿಸುವ ಯಂತ್ರಕ್ಕೆ ಅದು ದೊಡ್ಡ ಉಪಕಾರ. ಆದರೆ ಓಡುತ್ತಿರುವ ಕಾರಿನಲ್ಲಿ ಅದನ್ನು ಬಾಯಲ್ಲಿ ಹೇಳಿ ಕಿವಿಯಲ್ಲಿ ಕೇಳಿ ದಾರಿ ಹಿಡಿಯಲಾಗದು. ದನಿಗೆ ಬೇಕಾದದ್ದು ಊರವರು ಆಡುವ ಹೆಸರು.

ಆ ಹೆಸರು ಸರಿಯಾಗಿ ನುಡಿಯಲು ಭಾಷೆ ಬೇಕು. ಇಂಗ್ಲಿಷ್ ಕಾಗುಣಿತದಿಂದ ಓದುವ ಯಂತ್ರಕ್ಕೆ ನೆಲಗದರನಹಳ್ಳಿ, ದೊಡ್ಡತೋಗೂರು, ತಿಗಳರಪಾಳ್ಯದಂಥ ಹೆಸರುಗಳಲ್ಲಿ ಯಾವ ಸ್ವರ ದೀರ್ಘ, ಯಾವ ವ್ಯಂಜನ ಮೂರ್ಧನ್ಯ ಎಂದು ತಿಳಿಯುವ ದಾರಿಯಿಲ್ಲ. 2021ರ ಜನವರಿಯಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಲಿಪಿಗೆ ಸ್ಥಳಗಳ ಹೆಸರನ್ನು ತನ್ನಿಂತಾನೇ ಬದಲಿಸುವ ವ್ಯವಸ್ಥೆ ತಂದದ್ದು ಈ ದಿಕ್ಕಿನಲ್ಲಿ ನೆರವಾಯಿತು. ಕನ್ನಡದಲ್ಲಿ ದಾರಿ ಹೇಳುವ ದನಿಯೂ ಅದರಲ್ಲಿದೆ. ಎಲ್ಲ ಸಾಧನಗಳ ಸ್ಥಿತಿ ಹೀಗಿಲ್ಲ. ಕಾರಿಗೆಂದೇ ಮಾಡಿದ ಅಮೆಜಾನಿನ ಎಕೊ ಆಟೊ 2020ರ ಜನವರಿಯಲ್ಲಿ ಭಾರತಕ್ಕೆ ಬಂತು. ಅದರೊಳಗಿನ ಅಲೆಕ್ಸಾ ಇಂಗ್ಲಿಷಿನ ಜೊತೆಗೆ 2019ರಿಂದ ಹಿಂದಿಯನ್ನು ಕಲಿತಿತ್ತು, ಕನ್ನಡವನ್ನು ಕಲಿತಿರಲಿಲ್ಲ. ಆ್ಯಪಲ್ 2024ರಲ್ಲಿ ತನ್ನ ಸಿರಿ ಇಂಗ್ಲಿಷಿನೊಂದಿಗೆ ಬೆರೆಸಿ ಆಡಿದ ಕನ್ನಡವನ್ನೂ ಇನ್ನೆಂಟು ಭಾರತೀಯ ಭಾಷೆಗಳನ್ನೂ ಗ್ರಹಿಸುವಂತೆ ಮಾಡುವುದಾಗಿ ಹೇಳಿತು. ‘ಸ್ಟ್ರೈಟ್ ಹೋಗಿ ಸಿಗ್ನಲ್‌ನಲ್ಲಿ ಲೆಫ್ಟ್ ತಗೊಳ್ಳಿ’ ಎಂದು ಆಡುವ ಊರಿಗೆ ಈ ಬೆರಕೆ ಮಾತಿನ ಗ್ರಹಿಕೆಯೇ ಹೆಚ್ಚು ಮುಖ್ಯ. ಮಂಡ್ಯ, ತುಮಕೂರು, ಕೋಲಾರದಿಂದ, ಉತ್ತರ ಕರ್ನಾಟಕದಿಂದ ಬಂದು ಐಟಿ ಕಂಪನಿಗಳ ಕ್ಯಾಬು ಓಡಿಸುವವರ ಕನ್ನಡ ಒಂದೇ ಬಗೆಯದಲ್ಲ. ಅಷ್ಟನ್ನೂ ಯಂತ್ರ ಕೇಳಿಸಿಕೊಳ್ಳಬೇಕು.

ಇದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ದೂರದಲ್ಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅದರ ಆರ್ಟ್‌ಪಾರ್ಕ್, ಗೂಗಲ್ ನೆರವಿನಿಂದ 2022ರಲ್ಲಿ ಆರಂಭಿಸಿದ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಸಹಜ ಮಾತನ್ನು ಸಂಗ್ರಹಿಸಿ ಮುಕ್ತವಾಗಿ ಹಂಚುತ್ತಿದೆ. ಅದೇ ಸಂಸ್ಥೆಯ ಸಿಸ್ಪಿನ್ ಯೋಜನೆ ಯಂತ್ರ ನುಡಿಯಲು ಬೇಕಾದ ಧ್ವನಿಮುದ್ರಣವನ್ನು ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಸಿದ್ಧಪಡಿಸಿದೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡದ ಮಾತನ್ನು ಮುದ್ರಿಸಿಕೊಂಡು, ಅದಕ್ಕೆ ಒಳ್ಳೆಯ ಸಂಭಾವನೆ ಕೊಡುವ ಪದ್ಧತಿಯನ್ನು ಬೆಳೆಸಿದೆ. ಕನ್ನಡದ ದನಿಗೆ ಸಾಮಗ್ರಿ ಇಲ್ಲ ಎಂಬ ನೆವ ಇನ್ನು ನಡೆಯದು.

ಮುಚ್ಚಿದ ರಸ್ತೆಯ ಸುದ್ದಿ ಯಾರ ಬಳಿ

ಭಾಷೆ ಸರಿಯಿದ್ದರೂ ಹೇಳುವ ಮಾತು ಸುಳ್ಳಾದರೆ ಪ್ರಯೋಜನವಿಲ್ಲ. 2024ರ ಜೂನ್ 27ರ ನಸುಕಿನಲ್ಲಿ ಕಾಸರಗೋಡು ಜಿಲ್ಲೆಯ ಪಳ್ಳಂಜಿಯಲ್ಲಿ, ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಹೊರಟಿದ್ದ ಇಬ್ಬರು ಯುವಕರ ಕಾರು ಮ್ಯಾಪ್ ತೋರಿದ ದಾರಿಯಲ್ಲಿ ಸಾಗಿ ತುಂಬಿದ ಹೊಳೆಗೆ ಇಳಿಯಿತು. ತಡೆಗೋಡೆಯಿಲ್ಲದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದುದು ಕತ್ತಲಲ್ಲಿ ತಿಳಿಯಲಿಲ್ಲ. ಕಾರು ಕೊಚ್ಚಿಹೋದರೂ ಮರವೊಂದನ್ನು ಹಿಡಿದುಕೊಂಡ ಅವರನ್ನು ಅಗ್ನಿಶಾಮಕ ದಳದವರು ಬದುಕಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಒಂದು ಭಾಗ ಕುಸಿದಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಕಾರು ಬಿದ್ದು ಮೂವರು ಸತ್ತರು. ಅಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಜೊತೆಗೆ ನಕ್ಷೆ ಕಂಪನಿಯ ಅಧಿಕಾರಿಯೊಬ್ಬರ ಮೇಲೂ ಪೊಲೀಸರು ದೂರು ದಾಖಲಿಸಿದರು. ಸೇತುವೆ ಮುರಿದಿರುವುದು ಇಲಾಖೆಗೆ ಗೊತ್ತಿತ್ತು, ನಕ್ಷೆಗೆ ಗೊತ್ತಿರಲಿಲ್ಲ, ರಸ್ತೆಯಲ್ಲಿ ಅಡ್ಡಗಟ್ಟೆಯೂ ಇರಲಿಲ್ಲ. ಒಂದು ಕಡೆ ಇದ್ದ ಸುದ್ದಿ ಇನ್ನೊಂದು ಕಡೆಗೆ ದಾಟದೇ ಹೋದದ್ದೇ ಸಾವಿಗೆ ದಾರಿಯಾಯಿತು.

ಬೆಂಗಳೂರಿನ ಹೊರವಲಯದಲ್ಲಿ ಇಂಥ ಸುದ್ದಿ ದಿನವೂ ಹುಟ್ಟುತ್ತದೆ. ಮೆಟ್ರೊ ಕಾಮಗಾರಿಗೆ ಒಂದು ಬದಿ ಮುಚ್ಚುತ್ತದೆ. ಪೈಪು ಹೂಳಲು ರಸ್ತೆ ಅಗೆಯುತ್ತಾರೆ. ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರುಗಳು ಮುಳುಗಿ, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ದೇಶವೇ ನೋಡಿತು. ಒತ್ತಡ ಹೆಚ್ಚಿದಾಗ ನಕ್ಷೆ ಬದಲಿ ದಾರಿ ಹುಡುಕುತ್ತದೆ, ಕಾರುಗಳನ್ನು ಪಣತ್ತೂರಿನ ಇಕ್ಕಟ್ಟಾದ ರೈಲ್ವೆ ಕೆಳಸೇತುವೆಗೂ ಹಳ್ಳಿಯ ಓಣಿಗಳಿಗೂ ನುಗ್ಗಿಸುತ್ತದೆ. ಲಾರಿಗಳ ಪಾಡು ಇನ್ನೂ ಕಷ್ಟ. ಗೂಗಲ್ ಮ್ಯಾಪ್ಸ್ 2017ರಲ್ಲಿ ಭಾರತಕ್ಕೆಂದು ದ್ವಿಚಕ್ರ ವಾಹನದ ದಾರಿಯನ್ನು ತಂದಿತು, ಆದರೆ ಲಾರಿಗೆ ಪ್ರತ್ಯೇಕ ದಾರಿ ತೋರುವುದಿಲ್ಲ. ಭಾರಿ ವಾಹನ ಹತ್ತಬಾರದ ಸೇತುವೆ, ಹಗಲು ಹೋಗಬಾರದ ರಸ್ತೆ ಯಾವುದೆಂದು ತಿಳಿಯದ ಸಾಧನವನ್ನು ನಂಬಿ ಪೀಣ್ಯದ ಲಾರಿಗಳು ಓಡಬೇಕು. ಈ ಸುದ್ದಿಗಳೆಲ್ಲ ಸಂಚಾರ ಪೊಲೀಸ್, ಪಾಲಿಕೆ, ಹೆದ್ದಾರಿ ಪ್ರಾಧಿಕಾರ, ಮೆಟ್ರೊ ನಿಗಮ, ರೈಲ್ವೆಗಳ ಕಡತಗಳಲ್ಲಿ ಹಂಚಿಹೋಗಿವೆ. ಪತ್ರಿಕಾ ಪ್ರಕಟಣೆಯಾಗಿ, ಸಾಮಾಜಿಕ ಜಾಲತಾಣದ ಚಿತ್ರವಾಗಿ ಹೊರಬರುವ ಆದೇಶವನ್ನು ಮನುಷ್ಯ ಓದಬಲ್ಲ, ಕಾರಿನ ದನಿ ಓದಲಾರದು. ಬೆಂಗಳೂರು ಸಂಚಾರ ಪೊಲೀಸರು 2022ರಲ್ಲಿ ಗೂಗಲ್ ಜೊತೆ ಸೇರಿ ವೇಗಮಿತಿಯನ್ನು ನಕ್ಷೆಯಲ್ಲಿ ತೋರಿಸಲು ಹೊರಟದ್ದು, 2024ರಲ್ಲಿ ಸಂಚಾರ ನಿರ್ವಹಣೆಗೆ ಅಸ್ತ್ರಂ ಎಂಬ ವ್ಯವಸ್ಥೆಯನ್ನು ತಂದದ್ದು ಒಳ್ಳೆಯ ಆರಂಭ. ಆದರೆ ಇವೆಲ್ಲ ಇಲಾಖೆಯ ಆಸ್ಥೆಯನ್ನೂ ಕಂಪನಿಯ ಒಪ್ಪಂದವನ್ನೂ ನೆಚ್ಚಿಕೊಂಡಿವೆ. ಬೇರೆಡೆ ಇದಕ್ಕೆ ಕಾನೂನಿನ ಆಧಾರವಿದೆ. ಐರೋಪ್ಯ ಒಕ್ಕೂಟ ರಸ್ತೆ ಮುಚ್ಚುವಿಕೆ, ನಿರ್ಬಂಧಗಳ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಹಂಚಿಕೊಳ್ಳುವ ಬಗ್ಗೆ 2022ರಲ್ಲಿ ನಿಯಮ ಮಾಡಿ 2025ರ ಜನವರಿಯಿಂದ ಜಾರಿಗೆ ತಂದಿದೆ. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನಗಳ ಕಾಯ್ದೆ, ಸ್ಥಳೀಯ ಆಡಳಿತಗಳ ಸಂಚಾರ ಆದೇಶಗಳು ಡಿಜಿಟಲ್ ರೂಪದಲ್ಲಿ ಒಂದೆಡೆ ಸೇರಲು ದಾರಿ ಮಾಡಿದೆ.

ಆಕ್ಷೇಪಗಳಿಗೆ ಉತ್ತರ

ಇದು ಖಾಸಗಿ ಕಂಪನಿ ಉಚಿತವಾಗಿ ಕೊಡುವ ಸೇವೆ, ಅದಕ್ಕೆ ಕಟ್ಟಳೆ ಹೇರುವುದು ಸರಿಯೇ ಎಂದು ಕೆಲವರು ಕೇಳಬಹುದು. ಉಚಿತ ಎಂಬ ಮಾತು ಅರ್ಧ ಸತ್ಯ. ರಸ್ತೆಯಲ್ಲಿ ಎಲ್ಲಿ ದಟ್ಟಣೆಯಿದೆ ಎಂದು ನಕ್ಷೆಗೆ ತಿಳಿಯುವುದೇ ನಮ್ಮ ಮೊಬೈಲುಗಳು ಕಳಿಸುವ ಚಲನೆಯ ವಿವರದಿಂದ. ಬೆಂಗಳೂರಿನ ಚಾಲಕರು ದಿನನಿತ್ಯ ತಮ್ಮ ಪಯಣವನ್ನೇ ಬೆಲೆಯಾಗಿ ಕೊಟ್ಟು ಈ ಸೇವೆಯನ್ನು ಕಟ್ಟಿದ್ದಾರೆ. ಮೇಲಾಗಿ ಇಲ್ಲಿ ಕೇಳುತ್ತಿರುವ ಕಟ್ಟಳೆಯ ದೊಡ್ಡ ಪಾಲು ಬೀಳುವುದು ಸರ್ಕಾರಿ ಸಂಸ್ಥೆಗಳ ಮೇಲೆಯೇ: ಮೊದಲು ಅವು ಮಾಹಿತಿ ಕೊಡಲಿ, ಕೊಟ್ಟ ಮಾಹಿತಿಯನ್ನು ಕಂಪನಿಗಳು ಗೊತ್ತುಪಡಿಸಿದ ಅವಧಿಯಲ್ಲಿ ದನಿಗೆ ತರಲಿ.

ಚಾಲಕನಿಗೆ ತನ್ನ ವಿವೇಕ ಬೇಡವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಖಂಡಿತ ಬೇಕು, ಕಣ್ಣೆದುರಿನ ನೀರಿಗೆ ದನಿ ಹೇಳಿತೆಂದು ಇಳಿಯಬಾರದು. ಆದರೆ ವಿವೇಕ ಕೆಲಸ ಮಾಡಲು ಸಮಯವೂ ಸುಳಿವೂ ಬೇಕು. ಪಳ್ಳಂಜಿಯ ಕತ್ತಲಲ್ಲಿ ಅವೆರಡೂ ಇರಲಿಲ್ಲ. ಚಾಲಕರಿಗೆ ಎಚ್ಚರ ಇರಬೇಕೆಂದು ನಾವು ತಿರುವಿನ ಫಲಕವನ್ನು ಕಿತ್ತುಹಾಕುವುದಿಲ್ಲ. ಎಚ್ಚರಕ್ಕೆ ನೆರವಾಗಲೆಂದೇ ಅದನ್ನು ನೆಡುತ್ತೇವೆ.

ಹೊರವಲಯದಲ್ಲಿ ಎಲ್ಲೆಲ್ಲಿಂದಲೋ ಬಂದವರಿದ್ದಾರೆ, ಲಾರಿಗಳೂ ನಾನಾ ರಾಜ್ಯಗಳವು, ಕನ್ನಡಕ್ಕೇಕೆ ಒತ್ತು ಎಂದೂ ಕೇಳಬಹುದು. ಪಂಜಾಬಿನ ಚಾಲಕ ಪಂಜಾಬಿಯಲ್ಲೇ ಸೂಚನೆ ಕೇಳಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಅವನು ದಾರಿ ತಪ್ಪಿ ಗಾಡಿ ನಿಲ್ಲಿಸಿ ಕೇಳುವುದು ಇಲ್ಲಿನ ಅಂಗಡಿಯವರನ್ನು, ಸೆಕ್ಯುರಿಟಿಯವರನ್ನು. ಅವನ ಯಂತ್ರ ನುಡಿದ ಹೆಸರೂ ಇವರು ಆಡುವ ಹೆಸರೂ ಒಂದೇ ಆಗಿದ್ದರೆ ಮಾತ್ರ ಸಹಾಯ ಸಿಗುತ್ತದೆ. ಸೂಚನೆಯ ಭಾಷೆ ಚಾಲಕನ ಆಯ್ಕೆಯಾಗಿರಲಿ. ಊರಿನ ಹೆಸರು ಮಾತ್ರ ಎಲ್ಲ ಭಾಷೆಯ ದನಿಯಲ್ಲೂ ಊರಿನದೇ ಆಗಿರಲಿ. ಕನ್ನಡವೊಂದೇ ಬಲ್ಲ ಚಾಲಕನಿಗೆ ಆ ಆಯ್ಕೆಯೇ ಇಲ್ಲದಂತೆ ಮಾಡುವುದು ಅನ್ಯಾಯ.

ತಂತ್ರಜ್ಞಾನ ತಾನಾಗಿ ಸುಧಾರಿಸುತ್ತದೆ, ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಸರಿಮಾಡುತ್ತದೆ ಎಂಬ ನಂಬಿಕೆಯೂ ಇದೆ. ಯಂತ್ರ ಹೆಚ್ಚು ಸಹಜವಾಗಿ ಮಾತಾಡುವುದನ್ನು ಕಲಿಯುತ್ತದೆ, ನಿಜ. ಆದರೆ ಶುಕ್ರವಾರ ಸೇತುವೆ ಯಾರಿಗೆ ಮುಚ್ಚಿರುತ್ತದೆ ಎಂಬುದನ್ನು ಯಾರಾದರೂ ಹೇಳದ ಹೊರತು ಯಾವ ಬುದ್ಧಿಮತ್ತೆಯೂ ಊಹಿಸಲಾರದು. ಸಾವಿರಾರು ಗಾಡಿಗಳು ನಿಂತುಹೋದ ಮೇಲೆ ಅದು ದಟ್ಟಣೆಯನ್ನು ಗುರುತಿಸುತ್ತದೆ. ಅಷ್ಟರಲ್ಲಿ ಮೊದಲು ಬಂದವರು ತೊಂದರೆಗೆ ಸಿಕ್ಕಿರುತ್ತಾರೆ. ಅಪಾಯವನ್ನು ಮುಂದಾಗಿ ಹೇಳಲು ಅಧಿಕೃತ ಮಾಹಿತಿಯೇ ಬೇಕು.

ಕೊನೆಯ ಆಕ್ಷೇಪವನ್ನು ನಾನೂ ಬಹಳಷ್ಟು ಒಪ್ಪುತ್ತೇನೆ: ಕಾರು ಬಿಟ್ಟು ಮೆಟ್ರೊ ಹತ್ತುವುದೇ ಪರಿಹಾರ. 2023ರಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರದವರೆಗೆ ತೆರೆಯಿತು. ಪೀಣ್ಯಕ್ಕೆ ಹಸಿರು ಮಾರ್ಗ 2014ರಲ್ಲೇ ಬಂದಿದೆ. 2022ರ ಟಾಮ್‌ಟಾಮ್ ಸೂಚ್ಯಂಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಾಗಿತ್ತು; ನಕ್ಷೆ ಎಷ್ಟೇ ಜಾಣವಾದರೂ ಇಲ್ಲದ ರಸ್ತೆಯನ್ನು ಸೃಷ್ಟಿಸಲಾರದು. ಆದರೂ ಪೀಣ್ಯದ ಕಬ್ಬಿಣ ಮೆಟ್ರೊದಲ್ಲಿ ಹೋಗುವುದಿಲ್ಲ, ರಾತ್ರಿ ಪಾಳಿಯ ನೌಕರರು ಕ್ಯಾಬಿನಲ್ಲೇ ಮನೆ ಸೇರಬೇಕು, ಆಂಬುಲೆನ್ಸ್ ರಸ್ತೆಯಲ್ಲೇ ಓಡಬೇಕು. ರಸ್ತೆಯನ್ನು ಅನಿವಾರ್ಯವಾಗಿ ಬಳಸುವ ಇವರಿಗೇ ಸರಿಯಾದ ದನಿಯ ಅಗತ್ಯ ಎಲ್ಲರಿಗಿಂತ ಹೆಚ್ಚು.

ಹಾಗಾದರೆ ಆಗಬೇಕಾದದ್ದೇನು? 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂದಿವೆ. ಹೊರವಲಯದ ರಸ್ತೆಗಳ ಎಲ್ಲ ಮುಚ್ಚುವಿಕೆ, ತೂಕದ ಮಿತಿ, ಸಮಯದ ನಿರ್ಬಂಧ, ನೀರು ನಿಂತ ಅಂಡರ್‌ಪಾಸುಗಳ ಸುದ್ದಿಯನ್ನು ಯಂತ್ರ ಓದುವ ರೂಪದಲ್ಲಿ, ಯಾವ ಕಂಪನಿ ಬೇಕಾದರೂ ಬಳಸುವಂತೆ, ಒಂದೇ ಕಡೆ ಪ್ರಕಟಿಸುವುದನ್ನು ಪ್ರಾಧಿಕಾರ ಕಡ್ಡಾಯ ಮಾಡಬೇಕು. ರಸ್ತೆ ಅಗೆಯಲು ಅನುಮತಿ ಕೊಡುವಾಗಲೇ ಈ ದಾಖಲೆಯೂ ಆಗಬೇಕು. ಆಗದಿದ್ದರೆ ಅನುಮತಿ ಸಿಗಬಾರದು. ಜಂಕ್ಷನ್ನು, ಗೇಟು, ಕ್ರಾಸುಗಳ ಹೆಸರಿನ ಕನ್ನಡ ರೂಪ ಮತ್ತು ಉಚ್ಚಾರಣೆಯ ಅಧಿಕೃತ ಪಟ್ಟಿಯನ್ನು ಸ್ಥಳೀಯರ ನೆರವಿನಿಂದ, ವಿಜ್ಞಾನ ಸಂಸ್ಥೆಯ ಭಾಷಾ ತಂತ್ರಜ್ಞರ ಜೊತೆ ಸೇರಿ ಸಿದ್ಧಪಡಿಸಿ ಮುಕ್ತವಾಗಿಡಬೇಕು. ಕರ್ನಾಟಕದಲ್ಲಿ ಮಾರುವ ಪ್ರತಿ ಕಾರಿನ, ದಾರಿ ತೋರುವ ಪ್ರತಿ ಆ್ಯಪಿನ ದನಿ ಕನ್ನಡದಲ್ಲಿ ಕೇಳಿಸಿಕೊಳ್ಳಲೂ ನುಡಿಯಲೂ ಬಲ್ಲದಾಗಿರಬೇಕು. ಫಲಕವನ್ನು ಅಳೆಯಲು ಇರುವಂತೆ ದನಿಯನ್ನು ಅಳೆಯಲೂ ರಸ್ತೆ ಕಾಂಗ್ರೆಸ್ ಒಂದು ಸಂಹಿತೆ ಬರೆಯಬೇಕು: ಸೂಚನೆ ತಿರುವಿಗೆ ಎಷ್ಟು ಮುಂಚೆ ಬರಬೇಕು, ಎಷ್ಟು ಮಾತಿನಲ್ಲಿ ಮುಗಿಯಬೇಕು, ಮುಚ್ಚಿದ ರಸ್ತೆಯ ಸುದ್ದಿ ಎಷ್ಟು ಹೊತ್ತಿನೊಳಗೆ ಸೇರಬೇಕು. ಇದರಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಈ ದನಿಗಳನ್ನು ರೂಪಿಸುವ ಎಂಜಿನಿಯರುಗಳಲ್ಲಿ ಎಷ್ಟೋ ಜನ ಇದೇ ಊರಿನಲ್ಲಿ ದುಡಿಯುತ್ತಾರೆ. ಅವರ ಜಾಣ್ಮೆಯ ಫಲ ಈ ರಸ್ತೆಗಳಲ್ಲಿ ಗಾಡಿ ಓಡಿಸುವವರಿಗೆ ಮೊದಲು ಸಿಗಬೇಕೆಂದು ಕೇಳುವ ಹಕ್ಕು ಬೆಂಗಳೂರಿಗಿದೆ, ಅದನ್ನು ಆಗಮಾಡುವ ಅಧಿಕಾರ ಅದರ ಆಡಳಿತದ ಕೈಯಲ್ಲಿದೆ.